ಬಸ್ಸು ನಿಲ್ಲುತ್ತಿದ್ದ ಹತ್ತು ನಿಮಿಷ

ನಮ್ಮೂರ ಕಡೆ ‘ಹೋಟೆಲ್’ ಅಂದರೆ ತಿನ್ನೋ ಜಾಗ. ಮಲಗೋಕೆ ಬೇಕಾದರೆ ಲಾಡ್ಜ್ ಹುಡುಕಬೇಕು. ಪ್ಯಾರಿಸ್ಸಿನವರೂ ಒಂದು ಪದವನ್ನ ಹೀಗೇ ತಿರುಗಿಸಿಕೊಂಡಿದ್ದಾರೆ. ‘ಬ್ರಾಸ್ರಿ’ ಅಂದರೆ ಮೂಲದಲ್ಲಿ ಬಿಯರ್ ತಯಾರಿಸೋ ಜಾಗ. ಈಗ ಅದರರ್ಥ, ಬೆಳಗ್ಗೆಯಿಂದ ರಾತ್ರಿವರೆಗೂ ಬಾಗಿಲು ತೆರೆದಿರೋ, ಯಾವಾಗ ಹೋದರೂ ಬಿಸಿಯಾಗಿ ಏನಾದರೂ ಸಿಗೋ ಹೋಟೆಲ್.

ಅಲ್ಲಿ ‘ಲಿಪ್’ ಅಂತ ಒಂದು ಹೆಸರುವಾಸಿ ಬ್ರಾಸ್ರಿ ಇದೆ. ಶುರುವಾಗಿದ್ದು 1880ರಲ್ಲಿ. 1871ರ ಯುದ್ಧದಲ್ಲಿ ಸೋತ ಫ್ರಾನ್ಸ್ ತನ್ನ ಅಲ್ಸಾಸ್ ಪ್ರಾಂತ್ಯವನ್ನ ಜರ್ಮನಿಗೆ ಬಿಟ್ಟುಕೊಡಬೇಕಾಯಿತು. ಆ ಕಡೆಯವರಾದ ಲೆಯೊನಾರ್ ಲಿಪ್ ಪ್ಯಾರಿಸ್ಸಿನಲ್ಲಿ ಅಂಗಡಿ ತೆರೆದು, ತಮ್ಮೂರಿನ ಬಿಯರು, ಹುಳಿಬರಿಸಿದ ಎಲೆಕೋಸು ಬಡಿಸಿದರು. ಊರು ಬಿಟ್ಟು ಬಂದವರ ಅಡುಗೆ ಕೊನೆಗೆ ಆ ಮಹಾನಗರದ ಅಡುಗೆಯೇ ಆಗಿಹೋಯಿತು.

ಈ ಕತೆ ನಮಗೇನೂ ಹೊಸದಲ್ಲ ಬಿಡಿ. ಬೆಂಗಳೂರಿನ ಎಂಟಿಆರ್ 1924ರಲ್ಲಿ ಶುರುಮಾಡಿದ ಮಯ್ಯ ಸೋದರರು ಉಡುಪಿ ಕಡೆಯ ಪಾರಂಪಳ್ಳಿಯವರು. ಮದ್ದೂರು ರೈಲ್ವೆ ಸ್ಟೇಷನ್ನಿನಲ್ಲಿ 1917ರಲ್ಲಿ ವಡೆ ಕರಿದು ಮಾರಿದ ರಾಮಚಂದ್ರ ಬುಧ್ಯ ಅವರೂ ಕರಾವಳಿಯವರೇ. ಕರಾವಳಿಯವರು ಘಟ್ಟ ಹತ್ತಿ ಬಂದು ನಮಗೆ ತಿಂಡಿ ಕಲಿಸಿದರು. ನಾವು ಅದನ್ನ ‘ನಮ್ಮ ಕಡೆ ತಿಂಡಿ’ ಅಂತ ಹೆಮ್ಮೆಯಿಂದ ಹೇಳಿಕೊಂಡು ತಿರುಗಾಡುತ್ತಿದ್ದೀವಿ.

ನನ್ನೂರು ಚನ್ನಪಟ್ಟಣದ ಹತ್ತಿರ, ಕೆಲಸ ಬೆಂಗಳೂರಲ್ಲಿ. ಹಾಗಾಗಿ ನನಗೆ ಹೋಟೆಲ್ ಚರಿತ್ರೆ ಅಂದರೆ ಮೈಸೂರು ರಸ್ತೆಯ ಚರಿತ್ರೆ. ಬಿಡದಿಯಲ್ಲಿ ತಟ್ಟೆ ಇಡ್ಲಿ, ರಾಮನಗರದಲ್ಲಿ ಜನಾರ್ದನ ಹೋಟೆಲಿನ ದೋಸೆ, ಮೈಸೂರು ಪಾಕು, ಚನ್ನಪಟ್ಟಣ ದಾಟಿದರೆ ಮದ್ದೂರು ವಡೆ. ಮೈಲಿಗಲ್ಲು ನೋಡದೇನೇ ಎಲ್ಲಿದ್ದೀವಿ ಅಂತ ಹೇಳಬಹುದಿತ್ತು.

ಈ ತಿಂಡಿಗಳನ್ನ ಸ್ವಲ್ಪ ಗಮನಿಸಿ ನೋಡಿ. 1880ರ ದಶಕದ ಆರಂಭದಲ್ಲಿ ಬೆಂಗಳೂರಿಂದ ಮೈಸೂರಿಗೆ ರೈಲು ಬಂತು, ಆಮೇಲೆ ಬಸ್ಸುಗಳು ಬಂದವು. ರೈಲಾಗಲಿ ಬಸ್ಸಾಗಲಿ, ಒಂದೊಂದು ಊರಲ್ಲಿ ನಿಲ್ಲುತ್ತಿದ್ದದ್ದು ಐದೋ ಹತ್ತೋ ನಿಮಿಷ. ಅಷ್ಟರಲ್ಲಿ ಕೊಳ್ಳಬೇಕು, ಕೈಯಲ್ಲಿ ಹಿಡಿದುಕೊಂಡು ತಿನ್ನಬೇಕು. ಅಕ್ಕಿಹಿಟ್ಟು, ರವೆ, ಮೈದಾ, ಈರುಳ್ಳಿ ಕಲಸಿ ತಟ್ಟಿ ಗರಿಗರಿಯಾಗಿ ಕರಿದ ಮದ್ದೂರು ವಡೆಗೆ ಚಟ್ನಿ ಇಲ್ಲದಿದ್ದರೂ ನಡೆಯುತ್ತೆ, ಸಂಜೆವರೆಗೂ ಕೆಡಲ್ಲ. ಮೈಸೂರು ಪಾಕನ್ನ ಡಬ್ಬಿಗೆ ಹಾಕಿದರೆ ನೆಂಟರ ಮನೆವರೆಗೂ ಹೋಗುತ್ತೆ. ಈ ರಸ್ತೆಯ ರುಚಿಯಲ್ಲಿ ಅರ್ಧಪಾಲು ಅಡುಗೆ ಭಟ್ಟರದಾದರೆ, ಇನ್ನರ್ಧ ಆ ಹತ್ತು ನಿಮಿಷದ್ದು.

ದೋಸೆಯ ಲೆಕ್ಕ ಬೇರೆ. ಪಾರ್ಸಲ್ ಮಾಡಿದರೆ ಮೆತ್ತಗಾಗಿ ಸತ್ತೇಹೋಗುತ್ತೆ. ದೋಸೆ ತಿನ್ನೋರು ಕೂರಬೇಕು, ಕಾಯಬೇಕು. ಸುಮಾರು ನೂರು ವರ್ಷದ ಜನಾರ್ದನದಂಥ ಹೋಟೆಲಲ್ಲಿ ಹೀಗೆ ಎರಡು ಥರದ ಗಿರಾಕಿಗಳಿರುತ್ತಾರೆ: ಡಬ್ಬಿ ಕಟ್ಟಿಸಿಕೊಂಡು ಗಾಡಿ ಹತ್ತೋರು, ಟೇಬಲ್ ಮುಂದೆ ಕೂತು ಊರ ಸುದ್ದಿ ಮಾತಾಡೋರು. ಗಲ್ಲಾಕ್ಕೆ ಇಬ್ಬರೂ ಬೇಕು.

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಅಧಿಕೃತವಾಗಿ ಉದ್ಘಾಟನೆ ಆಯಿತು. ಬಿಡದಿಗೊಂದು ಬೈಪಾಸ್, ರಾಮನಗರ–ಚನ್ನಪಟ್ಟಣ ಎರಡಕ್ಕೂ ಸೇರಿಸಿ 20 ಕಿ.ಮೀ.ಗಿಂತ ಉದ್ದದ ಇನ್ನೊಂದು ಬೈಪಾಸ್, ಮುಂದೆ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಕ್ಕೂ ಒಂದೊಂದು. ಮೂರು ಗಂಟೆ ಹಿಡಿಯುತ್ತಿದ್ದ ದಾರಿ ಒಂದೂವರೆ ಗಂಟೆಗೆ ಇಳಿಯಿತು. ಇದರಿಂದ ನನಗೆ ಆಗಿರೋ ಅನುಕೂಲವನ್ನ ಅಲ್ಲಗಳೆಯಲ್ಲ. ಅಪ್ಪನಿಗೆ ಹುಷಾರಿಲ್ಲ ಅಂತ ರಾತ್ರಿ ಫೋನ್ ಬಂದರೆ ಊಟದ ತಟ್ಟೆ ಬಿಟ್ಟೆದ್ದು ಹೊರಟು ಒಂದು ಗಂಟೆಯಲ್ಲಿ ಮನೆ ಬಾಗಿಲಲ್ಲಿ ಇರಬಹುದು. ಆ ಒಂದು ಗಂಟೆಯ ಬೆಲೆ ಏನು ಅನ್ನೋದು ವಯಸ್ಸಾದ ಅಪ್ಪ ಅಮ್ಮ ಊರಲ್ಲಿರೋ ಎಲ್ಲರಿಗೂ ಗೊತ್ತು.

ಆದರೆ ಹೋಗಿದ್ದೂ ಒಂದಿದೆ. ಮುಂಚೆ ಅಮ್ಮ ಫೋನ್ ಮಾಡಿ “ಎಲ್ಲಿದ್ದೀಯಪ್ಪ?” ಅಂದರೆ “ರಾಮನಗರದಲ್ಲಿ ಕಾಫಿ ಕುಡೀತಿದ್ದೀನಮ್ಮ” ಅಂತಿದ್ದೆ. ಅಷ್ಟು ಸಾಕು, ಅಲ್ಲಿ ಮುದ್ದೆಗೆ ಎಸರಿಡುತ್ತಿದ್ದಳು. ಈಗ “ಹೈವೇಲಿದ್ದೀನಿ” ಅಂತೀನಿ. ಅವಳಿಗೆ ಅದರಿಂದ ಏನೂ ಗೊತ್ತಾಗಲ್ಲ. ಎಡಕ್ಕೊಂದು ಬೇಲಿ, ಬಲಕ್ಕೊಂದು ಬೇಲಿ, ನಡುವೆ ಊರಿನ ಹೆಸರು ಬರೆದ ಹಸಿರು ಬೋರ್ಡುಗಳು. ಊರು ಬೋರ್ಡಿನಲ್ಲಿದೆ, ಘಮ ಬರಲ್ಲ.

ಬೈಪಾಸ್ ಆದಮೇಲೆ ಹಳೇ ರಸ್ತೆಯ ವ್ಯಾಪಾರ ಬಿತ್ತು. ರಸ್ತೆಯಲ್ಲಿ ಹೋಗೋರನ್ನೇ ನಂಬಿದ್ದ ಎಳನೀರಿನವರಿಂದ ಹಿಡಿದು ಚನ್ನಪಟ್ಟಣದ ಗೊಂಬೆ ಅಂಗಡಿಯವರವರೆಗೂ ಪೆಟ್ಟು ಬಿತ್ತು. ಉಳಿದಿರೋ ಹೋಟೆಲುಗಳಲ್ಲಿ ಈಗ ಯಾರು ಕೂರುತ್ತಾರೆ ಅಂತ ನೋಡಿದರೆ ಉತ್ತರ ಸಿಗುತ್ತೆ. ರಾಮನಗರದಲ್ಲಿ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆ ಇದೆ. ಗೂಡು ತಂದ ರೈತರು, ಕೊಳ್ಳೋಕೆ ಬಂದ ರೀಲರುಗಳು, ಕೋರ್ಟು ಕಚೇರಿ ಅಂತ ಬಂದವರು, ಇವರಿಗೆ ಯಾವ ಬೈಪಾಸೂ ಇಲ್ಲ. ಇನ್ನೊಂದು ತಮಾಷೆ ಅಂದರೆ, 2023ರ ಆಗಸ್ಟ್ 1ರಿಂದ ದಶಪಥದ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಬರೋ ಹಾಗಿಲ್ಲ. ಹೆದ್ದಾರಿ ಬೇಡ ಅಂದವರನ್ನ ಹಳೇ ರಸ್ತೆ ಕರೆದು ಕೂರಿಸಿಕೊಂಡಿದೆ.

ದೋಸೆಗೋಸ್ಕರವೇ ಬೆಂಗಳೂರಿಂದ ಕನಕಪುರದ ವಾಸು ಹೋಟೆಲಿಗೆ ಬೈಕಲ್ಲಿ ಹೋಗೋ ಗೆಳೆಯರು ನನಗಿದ್ದಾರೆ. ಮಾಗಡಿ ಕಡೆ ಸಾವನದುರ್ಗ ಹತ್ತಿದವರು ಇಳಿದ ತಕ್ಷಣ ಕೇಳೋದು “ತಿಂಡಿ ಎಲ್ಲಿ?” ಅಂತಲೇ. ನಮ್ಮ ವಯಸ್ಸಿನವರಿಗೆ ಹೋಟೆಲಿನ ಮೇಲೆ ಪ್ರೀತಿ ಕಡಿಮೆ ಆಗಿಲ್ಲ. ಆದರೆ ಮುಂಚೆ ಹೋಟೆಲ್ ದಾರಿಯಲ್ಲೇ ಸಿಗುತ್ತಿತ್ತು, ಈಗ ನಾವೇ ದಾರಿ ಬಿಟ್ಟು ಅದರ ಹತ್ತಿರ ಹೋಗಬೇಕು. ಲಿಪ್ ನೂರ ನಲವತ್ತು ವರ್ಷ ದಾಟಿರೋದು ಜನ ಇವತ್ತಿಗೂ ಅಲ್ಲಿ ಹೋಗಿ ಊಟಕ್ಕೆ ಕೂರುವುದರಿಂದ.

ಹಾಗಾಗಿ ಆತುರವಿದ್ದ ದಿನ ಹೆದ್ದಾರಿ ಇರಲಿ. ಭಾನುವಾರ ಸಂಜೆ ವಾಪಸ್ ಬರುವಾಗ ಎಂಥಾ ಆತುರ? ಸೋಮವಾರ ಹೇಗಿದ್ದರೂ ಬಂದೇ ಬರುತ್ತೆ. ಹಳೇ ರಸ್ತೆಗೆ ಇಳಿಯಿರಿ, ದೋಸೆ ಹೇಳಿ, ಕೂತು ತಿನ್ನಿ. ಜೊತೆಗೆ ಯಾರಾದರೂ ಇದ್ದರೆ ಬೈ ಟು ಕಾಫಿ.