ಬ್ರೇಕ್ ಪ್ಯಾಡಿನ ಆಯ್ಕೆ

ಬೆಂಗಳೂರಿನ ವಿಜಯನಗರದಿಂದ ರಾಜಾಜಿನಗರದವರೆಗೆ ಸಿಗ್ನಲ್‌ಗೊಮ್ಮೆ ನಿಂತು ಸಾಗುವ ಸ್ಕೂಟರಿನ ಬ್ರೇಕಿಗೆ ಬಿಡುವೆಂಬುದೇ ಇಲ್ಲ. ಆದರೂ ಬ್ರೇಕ್ ಪ್ಯಾಡನ್ನು ಬದಲಿಸುವ ವೇಳೆ ಬಹುತೇಕ ಸವಾರರು ವಿಚಾರಿಸುವುದು ಬೆಲೆಯನ್ನು ಮಾತ್ರ. ಡಿಸ್ಕ್ ಬ್ರೇಕಿನಲ್ಲಿ ತಿರುಗುವ ತಟ್ಟೆಯನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವುದು ಪ್ಯಾಡ್. ಡ್ರಮ್ ಬ್ರೇಕಿನಲ್ಲಿ ಆ ಕೆಲಸವನ್ನು ಒಳಗಿನಿಂದ ಮಾಡುವುದು ಅರ್ಧಚಂದ್ರಾಕಾರದ ಶೂ. ನಾರು ಮತ್ತು ರಾಳಗಳಿಂದಾದ ಆರ್ಗ್ಯಾನಿಕ್ ಪ್ಯಾಡ್ ಮೃದುವಾಗಿದ್ದು, ತಣ್ಣಗಿರುವಾಗಲೂ ಹಿಡಿತ ಕೊಟ್ಟು, ಸದ್ದು ಮಾಡದೆ, ಡಿಸ್ಕನ್ನು ಕಡಿಮೆ ಸವೆಸುತ್ತದೆ, ಆದರೆ ತಾನು ಬೇಗ ಸವೆಯುತ್ತದೆ. ಲೋಹದ ಪುಡಿಯನ್ನು ಕಾಯಿಸಿ, ಒತ್ತಿ ಬೆಸೆದ ಸಿಂಟರ್ಡ್ ಪ್ಯಾಡ್ ಬಿಸಿಯನ್ನೂ ಮಳೆಯನ್ನೂ ಚೆನ್ನಾಗಿ ತಾಳಿಕೊಂಡರೂ, ತನಗೆ ಒಗ್ಗದ ಡಿಸ್ಕನ್ನು ಬೇಗ ಸವೆಸಿಬಿಡುತ್ತದೆ. ಆದ್ದರಿಂದ ನಿಧಾನಗತಿಯ ನಗರ ಸಂಚಾರಕ್ಕೆ, ವಾಹನ ತಯಾರಕರು ಮೊದಲಿಗೆ ಅಳವಡಿಸಿದ ಬಗೆಯ ಪ್ಯಾಡನ್ನೇ ಮಾಡೆಲ್ ಮತ್ತು ವರ್ಷ ಹೇಳಿ ಕೇಳಿ ಪಡೆಯುವುದು ಸರಿಯಾದ ಕ್ರಮ. ಪ್ಯಾಡಿನ ಮೇಲಿನ ಸವೆತದ ಗೀರು ಅಳಿಸಿಹೋಗಿದ್ದರೆ ಬದಲಾವಣೆಯನ್ನು ಮುಂದೂಡಬಾರದು. ಹೊಸದನ್ನು ಹಾಕಿಸಿದ ಮೇಲೆ, ಅದು ಡಿಸ್ಕಿಗೆ ಪೂರ್ತಿ ಹೊಂದಿಕೊಳ್ಳುವವರೆಗೆ ಮೆಲ್ಲಗೆ ಬ್ರೇಕ್ ಹಿಡಿಯಬೇಕು. ಹಿಂದೆ ಕೂರುವ ಮಗುವಿನ ಸುರಕ್ಷತೆ ಈ ಪ್ಯಾಡಿನ ಮೇಲೆ ನಿಂತಿರುವಾಗ ಬೆಲೆಯೊಂದನ್ನೇ ನೋಡುವುದು ತರವೇ?