ಹೆಸರಿಲ್ಲದವರ ಕೌದಿ

ಕಾಗದನಗರದಲ್ಲಿ ಬೆಳೆದವಳಿಗೆ ಕಾಗದದ ಮೇಲೆ ಅಭಿಮಾನವಿರುವುದು ಸಹಜವಷ್ಟೆ. ಭದ್ರಾವತಿಯ ಕಾಗದದ ಕಾರ್ಖಾನೆಯು 1936ರಲ್ಲಿ ಸ್ಥಾಪಿತವಾದ ಮೇಲೆ ನಮ್ಮ ಬಡಾವಣೆಗೆ ಹೆಸರೂ ನಮ್ಮ ಮನೆಗಳಿಗೆ ಅನ್ನವೂ ಅದರಿಂದಲೇ ಬಂದುವು. ಅದರ ಯಂತ್ರಗಳು ನಿಂತು ವರ್ಷಗಳಾದರೂ, ಬರೆದಿಟ್ಟದ್ದು ಉಳಿಯುವುದೆಂಬ ನಂಬಿಕೆ ನಮ್ಮಲ್ಲಿ ನಿಂತಿಲ್ಲ. ಆದರೆ ಬರೆಯದೆಯೇ ಉಳಿಸುವ ವಿದ್ಯೆಯೊಂದುಂಟು. ಅದು ನಮ್ಮ ನೆರೆಯ ಜಿಲ್ಲೆಯಲ್ಲಿಯೇ ಇರುವುದು.

ಶಿವಮೊಗ್ಗೆಯಿಂದ ಸಾಗರ, ಶಿರಸಿಗಳನ್ನು ದಾಟಿ ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳ ಕಡೆಗೆ ಹೋದರೆ ಅಲ್ಲಿಯ ಕಾಡಿನ ಹಳ್ಳಿಗಳಲ್ಲಿ ಸಿದ್ದಿ ಜನರು ವಾಸವಾಗಿದ್ದಾರೆ. ಇವರ ಮೂಲವು ಆಫ್ರಿಕ ಖಂಡ. ಇವರ ಪೂರ್ವಿಕರಲ್ಲಿ ಅನೇಕರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದರು. ತಪ್ಪಿಸಿಕೊಂಡವರು ಘಟ್ಟದ ಅರಣ್ಯವನ್ನು ಸೇರಿದರು. ಅದೇ ಖಂಡದಿಂದ ಬಂದು ಅಹಮದನಗರದ ರಾಜ್ಯಭಾರವನ್ನು ನಡೆಸಿ 1626ರಲ್ಲಿ ಮಡಿದ ಮಲಿಕ್ ಅಂಬರನ ಹೆಸರು ಚರಿತ್ರೆಯಲ್ಲಿದೆ. ಬಿಜಾಪುರದ ಮಂತ್ರಿ ಇಖ್ಲಾಸ್ ಖಾನನ ಚಿತ್ರಪಟಗಳು ಉಳಿದಿವೆ. ಕಾಡು ಸೇರಿದ ಹೆಂಗಸರ ಹೆಸರನ್ನಾದರೋ ಬರೆದಿಟ್ಟವರಾರು?

ಆ ಹೆಂಗಸರ ಸಂತತಿಯವರು ಹೊಲಿಯುವ ಕೌದಿಗೆ ಕವಂದಿಯೆಂದು ಹೆಸರು. ಶಾಲೆಯ ಹೊಲಿಗೆಯ ತರಗತಿಯಲ್ಲಿ ನಾವು ಗೆರೆಯೆಳೆದು, ಅಳೆದು, ಕತ್ತರಿಸಿ ಹೊಲಿದೆವು. ಕವಂದಿಗಾದರೋ ಮುಂದಾಗಿ ಬರೆದ ನಕ್ಷೆಯಿಲ್ಲ. ಹಳೆಯ ಸೀರೆಯನ್ನು ಹಾಸಿ, ಉಟ್ಟು ಸವೆದ ಬಟ್ಟೆಗಳ ತುಂಡುಗಳನ್ನು ಒಂದು ಮೂಲೆಯಿಂದ ಹಚ್ಚುತ್ತ, ಅಂಚಿನ ಸುತ್ತಲೂ ಬಂದು, ಸುತ್ತುಸುತ್ತಾಗಿ ನಡುವನ್ನು ಸೇರುವರು. ಮೂಲೆಗಳಲ್ಲಿ ತ್ರಿಕೋನವಾಗಿ ಮಡಿಸಿದ ತುಂಡುಗಳನ್ನಿಡುವರು. ಇವಕ್ಕೆ ಫೂಲ, ಎಂದರೆ ಹೂವು, ಎನ್ನುವರು. ಹೂವಿಲ್ಲದ ಕವಂದಿ ಬತ್ತಲೆಯೆಂಬುದು ಅವರ ಭಾವನೆ. ಸಿದ್ದಿಗಳಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಉಂಟು. ಆದುದರಿಂದ ಒಂದರಲ್ಲಿ ಶಿಲುಬೆಯೂ ಇನ್ನೊಂದರಲ್ಲಿ ಅರ್ಧಚಂದ್ರವೂ ಕಾಣಬಹುದು. ಹೊಲಿಯುವ ಕ್ರಮ ಮಾತ್ರ ಒಂದೇ.

ಇದನ್ನು ತಿಳಿದಾಗ ನನಗೆ ನೆನಪಾದುದು ನಮ್ಮ ಮನೆಯ ಪೆಟ್ಟಿಗೆ. ಅದರಲ್ಲಿ ತಂದೆಯವರ ನೌಕರಿಯ ಕಾಗದಗಳು ಕಟ್ಟುಕಟ್ಟಾಗಿವೆ. ತಾಯಿಯ ಹೆಸರುಳ್ಳ ಕಾಗದಗಳು ಎರಡೋ ಮೂರೋ. ಆದರೆ ಆಕೆ ಹೊಲಿದ ಕೌದಿಯಲ್ಲಿ ಅಜ್ಜಿಯ ಇಳಕಲ್ಲು ಸೀರೆಯ ಸೆರಗಿದೆ, ತೀರಿಹೋದ ತಮ್ಮನ ಅಂಗಿಯಿದೆ, ನನ್ನ ಶಾಲೆಯ ಲಂಗವಿದೆ. ಆಕೆಯ ಬಾಳನ್ನು ಓದಬೇಕಾದರೆ ನಾನು ಆ ಕೌದಿಯನ್ನೇ ಬಿಚ್ಚಿ ಹಾಸಬೇಕು.

ಛಾಯಾಚಿತ್ರವೂ ನೆನಪನ್ನು ಉಳಿಸಬಲ್ಲುದು. ಆದರೆ ತೆಗೆಯುವವರ ಕಣ್ಣನ್ನು ಅದು ಅವಲಂಬಿಸಿದೆ. ಆಂಗ್ಲ ಸರಕಾರದ ಕಾಲದಲ್ಲಿ, 1868ರಿಂದ 1875ರವರೆಗೆ, ಭಾರತದ ಜನರ ಚಿತ್ರಗಳು ಎಂಟು ಸಂಪುಟಗಳಲ್ಲಿ ಪ್ರಕಟವಾದುವು. ಅಲ್ಲಿ ಅನೇಕರು ಹೆಸರಿಲ್ಲದೆ, ಕೇವಲ ಜಾತಿಯ ಮಾದರಿಗಳಾಗಿ ನಿಂತಿರುವರು. 2013ರಲ್ಲಿ ಕೇತಕಿ ಶೇಠ್ ಅವರು ಭಾರತದ ಸಿದ್ದಿಗಳನ್ನು ಕುರಿತು ಹೊರತಂದ ಕಪ್ಪುಬಿಳುಪಿನ ಚಿತ್ರಗಳಲ್ಲಾದರೋ ಒಬ್ಬೊಬ್ಬರೂ ತಮ್ಮದೇ ಗಾಂಭೀರ್ಯದಿಂದ ನಮ್ಮನ್ನು ನೋಡುವರು. ಆದರೂ ಚಿತ್ರವು ಬೇರೊಬ್ಬರು ತೆಗೆದದ್ದು. ಕವಂದಿಯು ಅವರೇ ಹೇಳಿದ ಮಾತು.

ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದುದು 2003ರಲ್ಲಿ. ಅದರ ಮರುವರ್ಷದಿಂದ ಹೆನ್ರಿ ಡ್ರೂವಲ್ ಎಂಬ ಅಮೇರಿಕದ ಕಲಾಚರಿತ್ರಕಾರರು ಕವಂದಿಗಳನ್ನು ಅಭ್ಯಾಸಮಾಡಿ, ಅವುಗಳ ಮಾರಾಟಕ್ಕೂ ನೆರವಾದರು. ಕವಂದಿಗಳು ಸಮುದ್ರವನ್ನು ದಾಟಿ ಪ್ರದರ್ಶನಶಾಲೆಗಳನ್ನು ಸೇರಿದುವು. ಇದು ಸಂತೋಷದ ಸಂಗತಿ. ಆದರೆ ಗೋಡೆಯ ಅಲಂಕಾರವಾದ ಕೌದಿಯು ಹೊಲಿದವಳನ್ನು ಮರೆಸುವುದಾದರೆ, ಹಿಂದಿನ ಅನ್ಯಾಯವೇ ಹೊಸ ರೂಪದಲ್ಲಿ ಮುಂದುವರಿದಂತಲ್ಲವೆ?

ಸಹೋದರಿಯರೇ, ಕವಂದಿಯನ್ನು ಕೊಂಡರೆ ಹೊಲಿದಾಕೆಯ ಹೆಸರನ್ನೂ ಊರನ್ನೂ ಕೇಳಿರಿ. ನಿಮ್ಮ ಮನೆಯ ಕೌದಿ ಹರಿದಿದ್ದರೆ ಎಸೆಯುವ ಮೊದಲು ಹಿರಿಯರನ್ನು ಕೂರಿಸಿಕೊಂಡು, ಯಾವ ತುಂಡು ಯಾರದೆಂದು ಬರೆದುಕೊಳ್ಳಿರಿ. ಕಾಗದಕ್ಕೆ ಅದಕ್ಕಿಂತ ಒಳ್ಳೆಯ ಕೆಲಸವಿರಲಾರದು.