ವಡಪಳನಿಯಲ್ಲಿ ಒಂದು ಜವಳ

ತಂಗಿಯ ಮೊಮ್ಮಗನಿಗೆ ಹನ್ನೊಂದು ತಿಂಗಳು ತುಂಬಿತ್ತು. ತಂಗಿಯ ಮನೆಯವರು ಮದರಾಸಿನಲ್ಲೇ ಸಂಸಾರ ಹೂಡಿದವರು. ಮೊದಲ ಮುಡಿ ವಡಪಳನಿಯ ಮುರುಗನಿಗೆ ಎಂದು ಹರಕೆ ಹೊತ್ತಿದ್ದರು. ಮೈಸೂರಿನಿಂದ ರಾತ್ರಿ ರೈಲು, ಸೆಂಟ್ರಲ್‌ನಿಂದ ಮೆಟ್ರೊ, ಅದರಲ್ಲಿ ಹೇಳುವಂಥದ್ದೇನಿಲ್ಲ.

ಜೊತೆಯಲ್ಲಿದ್ದವಳು ತಂಗಿಯ ಕಿರಿಯ ಮಗಳು, ಮಗುವಿನ ಚಿಕ್ಕಮ್ಮ. ಆನೆಗಳ ಆಹಾರದ ಮೇಲೆ ಪಿಎಚ್.ಡಿ ಶುರುಮಾಡಿ ಅವಳಿಗೆ ಇನ್ನೂ ವರ್ಷ ತುಂಬಿಲ್ಲ. ನಾನು ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಹೇಳಿದವಳು.

ಮಗುವನ್ನು ಅಜ್ಜನ ತೊಡೆಯ ಮೇಲೆ ಕೂರಿಸಿದರು. ಕ್ಷೌರದವನು ನೆತ್ತಿಗೆ ನೀರು ತಟ್ಟಿ ಕತ್ತಿ ಆಡಿಸಿದ. ಚೀರಿ ಚೀರಿ ಕೆಂಪಾದ ಕೂಸು ಬೋಳುತಲೆಗೆ ಗಂಧ ಬಳಿದ ಮೇಲೆ ತಣ್ಣಗಾಗಿ ಸುಮ್ಮನಾಯಿತು. ಕೆಳಗೆ ಬಿದ್ದ ಕೂದಲು ಎರಡಂಗುಲವೂ ಇರಲಿಲ್ಲ.

“ದೊಡ್ಡಮ್ಮ, ಆ ಒಂದೊಂದು ಎಳೆಯಲ್ಲೂ ಇವನು ಉಂಡಿದ್ದೆಲ್ಲ ಬರೆದಿದೆ,” ಎಂದಳು ಹುಡುಗಿ.

ನಿಜ. ಇಂಗಾಲದ ಪರಮಾಣುಗಳಲ್ಲಿ ನೂರಕ್ಕೆ ಸುಮಾರು ಒಂದು ತುಸು ಭಾರದ್ದು, 12ರ ಬದಲು 13 ತೂಗುವಂಥದ್ದು. ಅದು ಕಾಲ ಕಳೆದಂತೆ ಸವೆದುಹೋಗುವುದಿಲ್ಲ, ಅದಕ್ಕೇ ಸ್ಥಿರ ಐಸೊಟೋಪ್ ಎಂಬ ಹೆಸರು. ಭತ್ತ, ತೆಂಗು, ಬಾಳೆ, ಕಾಡುಮರಗಳು ಈ ಭಾರದ ಇಂಗಾಲವನ್ನು ಹೆಚ್ಚು ದೂರ ಇಡುತ್ತವೆ. ರಾಗಿ, ಜೋಳ, ಕಬ್ಬು ಅಷ್ಟು ದೂರ ಇಡುವುದಿಲ್ಲ. ವಿಜ್ಞಾನಿಗಳ ಅಳತೆಯಲ್ಲಿ ಮೊದಲಿನವು ಸಾವಿರಕ್ಕೆ ಮೈನಸ್ 27ರ ಆಸುಪಾಸು, ಎರಡನೆಯವು ಮೈನಸ್ 12ರ ಆಸುಪಾಸು. ತಿಂದವರ ಮೈಗೆ ಆ ಗುರುತು ದಾಟುತ್ತದೆ. ಸಾರಜನಕದ ಕಥೆ ಬೇರೆ: ತಿಂದ ಜೀವದಲ್ಲಿ ಭಾರದ ಸಾರಜನಕ, ತಾನು ತಿಂದದ್ದಕ್ಕಿಂತ ಸಾವಿರಕ್ಕೆ ಮೂರು ನಾಲ್ಕರಷ್ಟು ಮೇಲಿರುತ್ತದೆ. ಎದೆಹಾಲು ಕುಡಿಯುವ ಕೂಸು ಈ ಲೆಕ್ಕದಲ್ಲಿ ತಾಯಿಯನ್ನೇ ಉಣ್ಣುವ ಜೀವ. ಮರಿಲಿನ್ ಫೋಗೆಲ್ ಮತ್ತು ಸಂಗಡಿಗರು 1989ರಲ್ಲಿ ತಾಯಂದಿರ, ಕೂಸುಗಳ ಉಗುರು ಅಳೆದು ಇದನ್ನು ತೋರಿಸಿಕೊಟ್ಟರು. ನಮ್ಮ ಮಗುವಿನ ಕೂದಲ ತುದಿ ಬರೀ ಹಾಲಿನ ಕಾಲದ್ದು, ಬುಡ ರಾಗಿ ಸರಿ ಶುರುವಾದ ಮೇಲಿನದು. ತುದಿಯಿಂದ ಬುಡಕ್ಕೆ ಬರುತ್ತ ಸಾರಜನಕ ಇಳಿಯಬೇಕು, ಇಂಗಾಲ ರಾಗಿಯ ಕಡೆ ವಾಲಬೇಕು.

ನಾಲ್ಕೆಳೆ ಕೊಡುತ್ತೀರಾ ಎಂದು ಅವಳು ತನ್ನ ತಾಯಿಯನ್ನು ಕೇಳಿದಳು. “ಸ್ವಾಮಿಗೆ ಅಂತ ಹೇಳಿದ್ದು. ಒಂದೆಳೆಯೂ ಬೇಡ,” ಎಂದಳು ತಂಗಿ. ತಂಗಿ ಹೇಳಿದ್ದೇ ಸರಿ. ಕೂದಲಿನ ಒಡೆಯರು ಬೇಡವೆಂದರೆ ಕೈ ಹಿಂದೆಗೆಯುವುದು ಈ ವಿದ್ಯೆಯ ಮೊದಲ ಪಾಠವಾಗಬೇಕು.

ದರ್ಶನದ ಸಾಲಿನಲ್ಲಿ ನಮ್ಮ ಮಾತು ಕೇಳಿಸಿಕೊಂಡು ಹಿಂದೆ ನಿಂತಿದ್ದ ಯಜಮಾನರೊಬ್ಬರು ಕನ್ನಡದಲ್ಲೇ ಮಾತಿಗಿಳಿದರು. ಈರೋಡು ಜಿಲ್ಲೆಯ ತಾಳವಾಡಿಯವರು. ಸರ್ಕಾರ ತಮಿಳುನಾಡಿನದು, ಮನೆಮಾತು ಕನ್ನಡ, ಸಂತೆ-ನೆಂಟಸ್ತನಕ್ಕೆ ಚಾಮರಾಜನಗರ. ಮಗನ ಮನೆಗೆಂದು ಬಂದಿದ್ದರು. ಹುಡುಗಿ ಆನೆಯ ವಿಷಯ ಓದುತ್ತಾಳೆಂದು ಗೊತ್ತಾದದ್ದೇ ತಡ, ಸಾಲು, ನೂಕುನುಗ್ಗಲು ಎಲ್ಲ ಮರೆತರು.

“ನಮ್ ಕಬ್ಬಿಗೆ ವರ್ಷಾ ಬತ್ತವೆ ಕಣವ್ವ. ಕಾಡಲ್ಲಿ ಮೇವಿಲ್ದೆ ಬತ್ತವೋ, ಕಬ್ಬಿನ ರುಚಿ ಹತ್ತಿ ಬತ್ತವೋ? ಅದೊಂದ್ ಹೇಳ್ಬುಡು.”

ಇಷ್ಟು ನೇರವಾದ ಪ್ರಶ್ನೆಯನ್ನು ನಾನು ಯಾವ ವಿಚಾರಗೋಷ್ಠಿಯಲ್ಲೂ ಕೇಳಿಲ್ಲ. ಕೀನ್ಯದ ಆನೆಗಳ ಬಾಲದ ಕೂದಲಿನಿಂದ ಅವುಗಳ ಓಡಾಟ, ಮೇವು ಎರಡನ್ನೂ ಥೂರ್ ಸರ್ಲಿಂಗ್ ಮತ್ತು ಸಂಗಡಿಗರು ಓದಿ 2006ರಲ್ಲಿ ಪ್ರಕಟಿಸಿದ್ದು ಅವಳಿಗೆ ಗೊತ್ತಿತ್ತು. ಅದನ್ನು ಹೇಳಿ ಬೀಗಬಹುದಿತ್ತು. ಅವಳು ಹೇಳಿದ್ದು ಬೇರೆ: “ಯಜಮಾನ್ರೇ, ಕಬ್ಬೂ ಹುಲ್ಲೇ. ಕಾಡಿನ ಹುಲ್ಲು, ನಿಮ್ಮ ಕಬ್ಬು ಎರಡೂ ಇಂಗಾಲದಲ್ಲಿ ಒಂದೇ ಥರ ಕಾಣುತ್ತವೆ. ಬರೀ ಅದನ್ನು ನೋಡಿ ಹೇಳಿದರೆ ಸುಳ್ಳು ಹೇಳಿದ ಹಾಗೆ. ಬೇರೆ ಅಳತೆಗಳೂ ಬೇಕು, ನಿಮ್ಮ ಹೊಲದ್ದೂ ಬೇಕು, ಕಾಡಿನದ್ದೂ ಬೇಕು.”

“ಹಂಗಾರೆ ಹೊಲಕ್ಕೆ ಬಾ,” ಎಂದರು ಅವರು.

ನನಗೆ ಗಂಟಲು ಕಟ್ಟಿತು. ಈ ಎಚ್ಚರ ಪುಸ್ತಕ ಓದಿ ಬರುವುದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್, ಅಹಮದಾಬಾದಿನ ಆರ್. ರಮೇಶ್ ದಕ್ಷಿಣ ಭಾರತದ ಆನೆಗಳ ಮೂಳೆಯ ಇಂಗಾಲ ಅಳೆದು 1992ರಲ್ಲಿ ಬರೆದದ್ದು ಇಂಥದ್ದೇ ಎಚ್ಚರದ ಮಾತು. ಆನೆ ತಿಂದ ಹುಲ್ಲು-ಸೊಪ್ಪಿನ ಪ್ರಮಾಣಕ್ಕೂ ಮೂಳೆಯಲ್ಲಿ ಕಂಡದ್ದಕ್ಕೂ ತಾಳೆಯಾಗಲಿಲ್ಲ. ಮೂಳೆಯಲ್ಲಿ ಸೊಪ್ಪಿನ ಪಾಲೇ ಹೆಚ್ಚು. ಸೊಪ್ಪಿನಲ್ಲಿ ಪ್ರೋಟೀನು ಜಾಸ್ತಿ ಇರುವುದು ಕಾರಣವಿರಬಹುದು ಎಂದರು. ಬೆಳೆಯುವ ಮರಿಗಳ ಮೂಳೆಯಲ್ಲಂತೂ ಅಂಕಿಗಳು ದೊಡ್ಡ ಆನೆಗಳಿಗಿಂತ ಎಷ್ಟೋ ಪಾಲು ಚದುರಿದ್ದವು. ಐಸೊಟೋಪ್ ಅಳೆಯುವ ಯಂತ್ರ ಕೊಡುವುದು ಅಂಕಿಯನ್ನು. ಅದಕ್ಕೆ ಅರ್ಥ ಕಟ್ಟುವವರಿಗೆ ಕೈ ಪಳಗಿರಬೇಕು.

ನನ್ನ ಕೈ ಪಳಗಿರಲಿಲ್ಲ. ವರ್ಷಗಳ ಹಿಂದೆ ಹಕ್ಕಿಯ ಗರಿಗಳನ್ನು ಲಕೋಟೆಗೆ ಹಾಕಿ ದೂರದ ಪ್ರಯೋಗಾಲಯವೊಂದಕ್ಕೆ ಕಳಿಸಿದ್ದೆ. ಮೂರು ತಿಂಗಳಿಗೆ ಒಂದು ಹಾಳೆ ಅಂಕಿ, ಜೊತೆಗೆ ಬಿಲ್ಲು ಬಂತು. ಗರಿಯ ಮೇಲಿನ ಜಿಡ್ಡು ತೊಳೆದು ಕಳಿಸಬೇಕೆಂದು ಮೊದಲೂ ಯಾರೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಎರಡು ವರ್ಷದ ಕೆಲಸ ಬುಟ್ಟಿಗೆ ಹೋಯಿತು. ಹುಡುಗಿಗೆ ಹಾಗಾಗಲಿಲ್ಲ. ಹತ್ತು ದಿನ ಒಂದು ಪ್ರಯೋಗಾಲಯದವರು ಅವಳನ್ನು ಒಳಗೆ ಬಿಟ್ಟುಕೊಂಡರು. ಕೂದಲು ತೊಳೆದಳು, ಕತ್ತರಿಸಿದಳು, ಮಿಲಿಗ್ರಾಮಿನ ಅರ್ಧದಷ್ಟನ್ನು ತವರದ ಪುಟ್ಟ ಬಟ್ಟಲಲ್ಲಿ ತೂಗಿ ಮಡಿಸಿದಳು. ಉಸಿರು ಬಿಟ್ಟರೆ ಹಾರಿಹೋಗುವ ತೂಕ. ಮೊದಲ ಮೂರು ದಿನ ಎಲ್ಲ ಕೆಟ್ಟವು, ನಾಲ್ಕನೆಯ ದಿನ ಕೈ ಕೂಡಿಬಂತು.

ದರ್ಶನ ಮುಗಿಸಿ ಆರ್ಕಾಟ್ ರಸ್ತೆಗೆ ಬಂದಾಗ ಅಪ್ಪ ನೆನಪಾದರು. ಅವರ ಕಾಲದವರಿಗೆ ವಡಪಳನಿ ಎಂದರೆ ಮೊದಲು ಎವಿಎಂ ಸ್ಟುಡಿಯೊ, ಆಮೇಲೆ ದೇವಸ್ಥಾನ. ದಶಕಗಳ ಕಾಲ ಬಹುಪಾಲು ಕನ್ನಡ ಚಿತ್ರಗಳು ತಯಾರಾದದ್ದು ಮದರಾಸಿನ ಸ್ಟುಡಿಯೊಗಳಲ್ಲೇ. ಕ್ಯಾಮೆರಾ ಇಲ್ಲಿತ್ತು, ನಮ್ಮ ಹುಡುಗರು ಇಲ್ಲಿಗೇ ಬಂದು, ದೀಪ ಹೊತ್ತು, ಟ್ರಾಲಿ ತಳ್ಳಿ ಕಸುಬು ಕಲಿತರು. ಯಂತ್ರವಿದ್ದಲ್ಲಿ ಒಳಗೆ ಬಿಟ್ಟರು, ಅದಕ್ಕೇ ಕಲಿತರು.

ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಜಿಮ್ ಎಲರಿಂಗರ್ 1996ರಲ್ಲಿ ಶುರುಮಾಡಿದ ಐಸೊಟೋಪ್ ಬೇಸಿಗೆ ಶಿಬಿರ ಇದೇ ಬಗೆಯದು. ಅಲ್ಲಿ ಕಲಿತವರು ಇಂದು ಲೋಕದ ನಾನಾ ಕಡೆ ಕಲಿಸುತ್ತಿದ್ದಾರೆ. ನಮ್ಮಲ್ಲಿ ಯಂತ್ರಗಳಿಲ್ಲದೆ ಇಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಶೇಂಗಾ, ಭತ್ತದ ಎಲೆಯ ಇಂಗಾಲ ಅಳೆದು ಯಾವ ತಳಿ ಕಡಿಮೆ ನೀರಿನಲ್ಲಿ ಬೆಳೆಯುತ್ತದೆಂದು ಹುಡುಕಿದ ಪರಂಪರೆಯೇ ಇದೆ. ವಿಜ್ಞಾನ ಸಂಸ್ಥೆಯಲ್ಲೂ ಯಂತ್ರವಿದೆ. ಪ್ರಶ್ನೆಗಳು ತಾಳವಾಡಿಯಲ್ಲಿವೆ, ಹನೂರಿನಲ್ಲಿವೆ, ಸಕಲೇಶಪುರದಲ್ಲಿವೆ.

ನಿಮ್ಮ ಸುಪರ್ದಿಯಲ್ಲಿ ಅಂಥದ್ದೊಂದು ಯಂತ್ರವಿದ್ದರೆ, ವರ್ಷಕ್ಕೆ ಎರಡು ವಾರ ಜಿಲ್ಲೆಗಳ ಕಾಲೇಜಿನ ನಾಲ್ಕು ಮಕ್ಕಳನ್ನು ಕರೆಯಿರಿ. ಊಟ, ವಸತಿ ಕೊಡಿ. ಅವರ ಮಾದರಿಯನ್ನು ಅವರೇ ತೂಗಲಿ, ಮೊದಲ ಮೂರು ದಿನ ಕೆಡಿಸಲಿ.